ಬೆರಕೆಯ ಮೂರು ಒಗಟು

"ಕೇಳ್ರಪ್ಪೋ ಕೇಳ್ರಿ. ತಂದೆಯದೊಂದು ಕೇರಿ, ತಾಯಿಯದೊಂದು ಕೇರಿ ಆಗಿರುವ ಮನೆಯವರೆಲ್ಲ ಅಮಾವಾಸ್ಯೆಯೊಳಗೆ ಹೊಳೆ ದಾಟಿ ರಾಜ್ಯ ಬಿಡತಕ್ಕದ್ದು. ಇದು ಇರುಗರಸ ದೊರೆಯ ಅಪ್ಪಣೆ. ದೊರೆಯ ಮೂರು ಒಗಟು ಬಿಡಿಸಿದವರಿದ್ದರೆ ಅಪ್ಪಣೆ ರದ್ದು, ಅವರಿಗೆ ಒಂದು ಊರು ಉಂಬಳಿ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ಹೀಗೆಂದು ಡಂಗುರ ಹೊಡೆದರು. ಈ ಕೆಟ್ಟ ಬುದ್ಧಿ ದೊರೆಗೆ ಹುಟ್ಟಿದ್ದು ಒಂದು ಪದದಿಂದ. ಪರಂಗಿ ವರ್ತಕನೊಬ್ಬ ಆಸ್ಥಾನದಲ್ಲಿ ಮಸಾಲೆ ಪುಡಿಯ ಭರಣಿ ತೆರೆದು ‘ಮಿಕ್ಸ್ಚರ್’ ಅಂದ. ಹಾಗಂದರೇನೆಂದು ದೊರೆ ಕೇಳಿದ. ದುಭಾಷಿ ಕೈಮುಗಿದು, "ಹಿಂದಿಯವರು ಮಿಶ್ರಣ ಅನ್ನುತ್ತಾರೆ ಪ್ರಭು, ನಮ್ಮಲ್ಲಿ ಬೆರಕೆ" ಅಂದ. ಅಷ್ಟೇ ಸಾಕಾಯಿತು. "ಮೂರು ನುಡಿಯಲ್ಲೂ ಹೆಸರಿದೆ ಅಂದರೆ ಮೂರು ದೇಶದಲ್ಲೂ ಈ ಕೊಳೆ ಇದೆ. ನನ್ನ ದೇಶದಲ್ಲಿ ಇರಕೂಡದು" ಅಂದ ದೊರೆ. ಪುಡಿಯ ಮಾತು ಹೋಗಿ ಮನುಷ್ಯರ ಮೇಲೆ ಬಿತ್ತು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು.

ಊರು ಬಿಡಿಸುವ ಅಪ್ಪಣೆಯ ಜೊತೆಗೆ ಒಗಟು ಒಡ್ಡಲೇಬೇಕು, ಬಿಡಿಸಿದವರಿದ್ದರೆ ದೊರೆ ಸೋಲಬೇಕು. ಅದು ಆ ರಾಜ್ಯದ ಹಳೆಯ ಕಟ್ಟಳೆ. ಅದನ್ನು ಮುರಿಯುವ ಧೈರ್ಯ ದೊರೆಗಿರಲಿಲ್ಲ. ಯಾರೂ ಬಾರದಿರಲಿ ಎಂದು ತಲೆ ತೆಗೆಯುವ ಮಾತನ್ನು ತಾನೇ ಸೇರಿಸಿದ, ಹೇಡಿ. ಉತ್ತರಗಳನ್ನು ಮುದಿ ಮಂತ್ರಿ ಸೋವಣ್ಣನ ಕಿವಿಯಲ್ಲಿ ಹೇಳಿಟ್ಟ. ಮೂರಕ್ಕೂ ಉತ್ತರ ಕೇಳಿದ ಮೇಲೆ ಮಂತ್ರಿ ತೀರ್ಪು ಹೇಳಬೇಕು.

ಆದರೂ ಜನ ಬಂದರು. ಉಂಬಳಿಯ ಆಸೆಗೆ ಬಂದ ಪಂಡಿತನೊಬ್ಬ, ಬೇರೆಯಾಗದ ಬೆರಕೆ ಯಾವುದೆಂಬ ಕಡೆಯ ಒಗಟಿಗೆ "ಹಾಲು ನೀರು" ಅಂದ. "ಹಂಸ ಬೇರೆ ಮಾಡುತ್ತದಲ್ಲ" ಎಂದು ದೊರೆ ನಕ್ಕ. ಪಂಡಿತನ ತಲೆ ಹೋಯಿತು. ಬೇರೆ ಕೇರಿಯ ಹುಡುಗಿಯನ್ನು ಆಗತಾನೆ ಮದುವೆಯಾಗಿದ್ದ ಬಡಗಿಯೊಬ್ಬ "ಉಪ್ಪು ನೀರು" ಅಂದ. ದೊರೆ ಅವನೆದುರೇ ಒಲೆ ಹೂಡಿಸಿ ನೀರು ಇಂಗಿಸಿ, ಉಳಿದ ಉಪ್ಪನ್ನು ಅವನ ಅಂಗೈಗೆ ಹಾಕಿಸಿ, ಆಮೇಲೆ ಕಡಿಸಿದ. ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಸಂತೆಯಲ್ಲಿ ಮೂಟೆ ಹೊರುವ ಈರಬೊಮ್ಮನ ಅಪ್ಪ ನೇಕಾರರ ಕೇರಿಯವನು, ತೀರಿಹೋಗಿದ್ದ. ಅವ್ವ ನಿಂಗವ್ವ ಬೆಸ್ತರವಳು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅವಳನ್ನು ಹೊಳೆ ದಾಟಿಸಿದರೆ ನಡುನೀರಲ್ಲೇ ಪ್ರಾಣ ಹೋಗುತ್ತಿತ್ತು.

"ನಾನಿಲ್ಲೇ ಸಾಯ್ತೀನಿ ಮಗಾ, ನೀನು ದಾಟು" ಅಂದಳು.

"ನಾವ್ಯಾಕೆ ಸಾಯಬೇಕು? ಸುಮ್ಕಿರವ್ವಾ" ಎಂದು ಅವನು ಹೆಗಲ ಮೇಲೆ ಟವಲು ಹಾಕಿಕೊಂಡು ನೇರ ಆಸ್ಥಾನಕ್ಕೆ ಹೋದ.

ದೊರೆ ಕೇಳಿದ: "ಒಟ್ಟಿಗೆ ಮಲಗಿ, ಒಟ್ಟಿಗೆ ಎದ್ದು, ಮನೆಗೆ ಬರುವಾಗ ಬೇರೆ ಬೇರೆಯಾಗಿ ಬರುವ ಬೆರಕೆ ಯಾವುದು?"

"ಒಂದೇ ಹೊಲದಲ್ಲಿ ಬಿತ್ತಿದ ರಾಗಿಯೂ ಅವರೆಯೂ, ಬುದ್ಧಿ. ಒಂದೇ ಮಣ್ಣಲ್ಲಿ ಮಲಗ್ತಾವೆ, ಒಂದೇ ಮಳೆಗೆ ಏಳ್ತಾವೆ. ರಾಗಿ ಕಣಕ್ಕೆ ಹೋಗ್ತದೆ, ಅವರೆಕಾಯಿ ಹೆಂಗಸರ ಮಡಿಲಿಗೆ ಬರ್ತದೆ."

"ಎರಡು ಬಣ್ಣ ಕೂಡಿ, ಎರಡೂ ಸತ್ತು, ಮೂರನೆಯದು ಹುಟ್ಟುವ ಬೆರಕೆ?"

"ಅರಿಶಿನಕ್ಕೆ ಸುಣ್ಣ. ಹಳದಿ ಹೋಯ್ತು, ಬಿಳಿ ಹೋಯ್ತು, ಕೆಂಪಾಯ್ತು. ನಿಮ್ಮ ಮದುವೇಲಿ ಅದೇ ನೀರಲ್ಲಿ ಆರತಿ ಎತ್ತಿ ದೃಷ್ಟಿ ತೆಗೆದ್ರು. ಆಗ ಬೆರಕೆ ಕೊಳೆ ಅನ್ನಿಸಲಿಲ್ಲವೇನೋ."

ದೊರೆಯ ಮುಖ ಗಂಟಾಯಿತು. "ಒಮ್ಮೆ ಬೆರೆತರೆ ಯಾರಿಂದಲೂ ಬೇರೆ ಮಾಡಲಾಗದ ಬೆರಕೆ?"

ಈರಬೊಮ್ಮ ಟವಲು ಕೆಳಗೆ ಹಾಕಿದ. ದೊರೆಯನ್ನು ‘ಬುದ್ಧಿ’ ಎಂದು ಕರೆಯುವುದನ್ನು ಅಲ್ಲಿಗೆ ಬಿಟ್ಟ.

"ಮೈಯೊಳಗಿನ ರಕ್ತ. ನನ್ನಲ್ಲಿ ಅಪ್ಪಂದೆಷ್ಟು, ಅವ್ವಂದೆಷ್ಟು, ಯಾವ ಕತ್ತಿಯೂ ಪಾಲು ಮಾಡದು. ಅದಕ್ಕೇ ನಮ್ಮನ್ನು ಹೊಳೆ ದಾಟಿಸ್ತೀಯಲ್ಲ, ನಿನ್ನದು ನೋಡ್ಕೋ. ಪಟ್ಟಕ್ಕೆ ಕೂರೋ ದಿನ ಎಲ್ಲ ಕೇರಿಯ ಬಾವಿನೀರನ್ನೂ ಒಂದೇ ಕೊಡದಲ್ಲಿ ಬೆರೆಸಿ ನಿನಗೆ ಕುಡಿಸಿದ್ರು. ಕುಡಿಯದೋನು ದೊರೆಯೇ ಅಲ್ಲ. ಬೆಸ್ತರ ನೀರು ಸೇದಿಕೊಟ್ಟೋಳು ನಮ್ಮವ್ವ. ಅದು ನಿನ್ನ ರಕ್ತವಾಗಿ ಎಷ್ಟು ಕಾಲವಾಯ್ತು. ಆ ತೊಟ್ಟನ್ನು ಆರಿಸಿ ತೆಗೆ. ಆಗದಿದ್ರೆ ಮೊದಲು ಹೊಳೆ ದಾಟೋನು ನೀನು."

ಸೋವಣ್ಣ ಎದ್ದು ನಿಂತು, "ಮೂರೂ ಸರಿ. ಪ್ರಭುಗಳು ನನ್ನ ಕಿವಿಯಲ್ಲಿ ಹೇಳಿದ ಉತ್ತರಗಳೂ ಇವೇ. ಅಪ್ಪಣೆ ರದ್ದು" ಅಂದ. ದೊರೆ ತಲೆ ತಗ್ಗಿಸಿ, ಯಾವ ಊರು ಬೇಕೋ ಕೇಳಿಕೋ ಅಂದ.

"ನಿನ್ನ ಊರು ನನಗೆ ಬೇಡ. ಸತ್ತೋರಿಬ್ಬರ ಮನೆಗೆ ನಡ್ಕೊಂಡು ಹೋಗು. ಅಲ್ಲಿ ಕೊಟ್ಟಿದ್ದನ್ನು ತಗೊಂಡು ಬಾ. ನನ್ನ ಬಹುಮಾನ ಅದೇ" ಅಂದ ಈರಬೊಮ್ಮ.

ಬಹುಮಾನದ ಮಾತು ಕೊಟ್ಟಿದ್ದ ದೊರೆ ಹೋಗಲೇಬೇಕಾಯಿತು. ಪಂಡಿತನ ತಾಯಿ ಮೊರದ ತುಂಬ ಒಲೆಯ ಬೂದಿ ತಂದು ಅವನ ಕಿರೀಟದ ಮೇಲೆ ಸುರಿದಳು. ಬಡಗಿಯ ಹೆಂಡತಿ ಬಾಗಿಲನ್ನೇ ತೆರೆಯಲಿಲ್ಲ. ದೊರೆ ಬೂದಿ ಮುಖದಲ್ಲಿ ಹೊತ್ತು ಮುಳುಗುವ ತನಕ ಅಂಗಳದಲ್ಲಿ ನಿಂತ, ಊರೆಲ್ಲ ನೋಡಿತು. ಅಷ್ಟು ಹೊತ್ತು ನಿಂತನಲ್ಲ, ಪಾಪ, ಕ್ಷಮಿಸಬಹುದಿತ್ತು ಎಂದು ಕೆಲವರು ಇವತ್ತಿಗೂ ಹೇಳುತ್ತಾರೆ. ಅವಳು ತೆರೆಯದಿದ್ದದ್ದೇ ಸರಿ ಅನ್ನುವವನು ನಾನು.