ಎರಡನೇ ತಟ್ಟೆ ಕೇಳದೆ ಎದ್ದವನು

"ಬುದ್ಧಿ, ಮನೆ ಸೊಪ್ಪನ್ನ ಲ್ಯಾಬಿಗೆ ಹಾಕಿ ಪರೀಕ್ಷೆ ಮಾಡಿಸೋದು ಅಂದ್ರೆ, ಅದನ್ನ ಕೊಟ್ಟ ದೇವರನ್ನೇ ಅನುಮಾನಿಸಿದಂಗಲ್ವಾ?" ಅಂತ ಶಿಷ್ಯ ಮರಿಸಿದ್ದ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ. ಸಂತೇಲಿ ಗಂಟಲು ಹರಿಯೋ ಹಂಗೆ ಕೂಗೋನು, ಮನೆಗೆ ಬಂದ್ರೆ ಬಾಯಿಗೆ ಬೀಗ. ಹೆಂಡತಿ ಶಿವನಂಜಿಯ ಎದೇಲಿ ಗಂಟು ಕಾಣಿಸಿಕೊಂಡಿತ್ತು. ಕ್ಯಾನ್ಸರ್ರು, ಕೊಯ್ದು ತೆಗೀಬೇಕು ಅಂದಿದ್ರು ಡಾಕ್ಟರು. ಅವಳಿಗಿಂತ ಇವನೇ ಒಣಗಿಹೋದ. ಅವಳು ಕೆಮ್ಮಿದ್ರೂ ಬೆಚ್ಚೋನು, ಸುಮ್ಮನಿದ್ರೂ ಬೆಚ್ಚೋನು.

ಹಿತ್ತಲಲ್ಲಿ ಅವನ ಅಜ್ಜಿ ಕಾಲದ ಒಂದು ಬಳ್ಳಿ ಇತ್ತು. ಗಾಯಕ್ಕೆ ಅರೆದು ಹಚ್ಚೋರು. ಗಂಟಿಗೂ ಆದೀತು ಅಂತ ಇವನಿಗೆ ಹೊಳೀತು. ಸೊಪ್ಪು ಕಟ್ಟಿಕೊಂಡು ಹೋಗಿ, ಪಟ್ಟಣದ ಕಾಲೇಜಲ್ಲಿ ಗಿಡಮೂಲಿಕೆ ಪರೀಕ್ಷೆ ಮಾಡೋ ಮೇಡಮ್ಮನ ಕೈಗೆ ಕೊಟ್ಟ. ಮೇಡಮ್ಮ ಹೇಳೋ ತನಕ ಹೆಂಡತಿಗೆ ಆಪರೇಷನ್ನೂ ಬೇಡ ಅಂದ. ಗಂಟು ಇವನ ಮಾತು ಕೇಳುತ್ತಾ? ಅದರ ಪಾಡಿಗೆ ಅದು ಬೆಳೀತಿತ್ತು.

ಫೋನು ಬಂತು, ಹೋದ. ಮೇಡಮ್ಮ ಅಂದಳು: "ಹಿತ್ತಾಳೆಗೆ ಕಿಲುಬು ಹತ್ತುತ್ತಲ್ಲ, ಮೈಯೊಳಗೂ ಅಂಥದ್ದೇ ನಡೆಯುತ್ತೆ. ಅದನ್ನ ತಡೆಯೋ ಗುಣ ನಿಮ್ಮ ಸೊಪ್ಪಿಗಿದೆ. ಮೊದಲನೇ ತಟ್ಟೇಲಿ ಕ್ಯಾನ್ಸರ್ ಕಣ ಇಟ್ಟು ರಸ ಬಿಟ್ವಿ. ಎಲ್ಲಾ ಸತ್ವು. ಎರಡನೇ ತಟ್ಟೇಲಿ ಒಳ್ಳೇ ಕಣ..."

ಅಷ್ಟಕ್ಕೇ ಇವನು ಕೈಮುಗಿದು ಎದ್ದ. ಅವನ ಊರಲ್ಲಿ ದೇವರ ಮುಂದೆ ಕೂತು ಹೂ ಕೇಳ್ತಾರೆ. ಬಲಗಡೆ ಹೂ ಬಿತ್ತೋ, ಮರುಮಾತಿಲ್ಲದೆ ಎದ್ದು ಬರಬೇಕು. ಮತ್ತೆ ಕೇಳಿದ್ರೆ ಕೊಟ್ಟ ವರ ಕೆಡುತ್ತೆ ಅಂತ. ಮೇಡಮ್ಮ ಹಿಂದಿನಿಂದ ಕರೀತಾನೇ ಇದ್ದಳು. ಇವನು ತಿರುಗಿ ನೋಡಲಿಲ್ಲ.

ಮನೆಗೆ ಬಂದು ಕಷಾಯ ಕಾಯಿಸಿ, ಲೋಟ ಹೆಂಡತಿ ಮುಂದಿಟ್ಟು ನಡೆದದ್ದೆಲ್ಲ ಹೇಳಿದ.

"ಎರಡನೇ ತಟ್ಟೇಲಿ ಏನಾಯ್ತಂತೆ?" ಅಂದಳು ಶಿವನಂಜಿ.

"ಹೂ ಬಿದ್ದ ಮೇಲೆ ಮತ್ತೆ ಕೇಳ್ತಾರೇನೇ? ಸುಮ್ನೆ ಕುಡಿ."

"ನನ್ನ ಮೈಯಲ್ಲಿ ಗಂಟೊಂದೇ ಇರೋದಾ? ಮಿಕ್ಕಿದ್ದೆಲ್ಲ ಒಳ್ಳೇದೇ ಅಲ್ವಾ? ನಿಮಗಂತೂ ಗಂಟೇ ಇಲ್ಲ, ಇರೋದೆಲ್ಲ ಒಳ್ಳೇದೇ. ಮೊದಲು ನೀವೊಂದು ಗುಟುಕು ಕುಡೀರಿ." ಲೋಟ ಇವನ ಕಡೆಗೆ ಸರಿಸಿದಳು.

ಇವನು ಎತ್ತಿದ. ತುಟಿ ತನಕ ತಂದ. ಅಲ್ಲೇ ನಿಂತ. ಕೆಳಗಿಟ್ಟು ಬಸ್ಸಿಗೆ ಓಡಿದ.

ಎರಡನೇ ತಟ್ಟೇಲಿದ್ದ ಒಳ್ಳೇ ಕಣಗಳಲ್ಲೂ ಒಂದೂ ಉಳಿದಿರಲಿಲ್ಲ. "ಇದನ್ನ ಹೇಳೋಕೇ ಅಷ್ಟು ಕೂಗಿದ್ದು ಕಣ್ರೀ. ಇದಿನ್ನೂ ಔಷಧಿ ಆಗಿಲ್ಲ. ನಿಮ್ಮ ಹೆಂಡತೀನ ಮೊದಲು ಆಸ್ಪತ್ರೆಗೆ ಸೇರಿಸಿ" ಅಂದಳು ಮೇಡಮ್ಮ. ಮಾರನೇ ದಿನವೇ ಸೇರಿಸಿದ. ಇಷ್ಟು ದಿನ ಯಾಕೆ ಬಿಟ್ಟಿರಿ ಅಂತ ಡಾಕ್ಟರ ಕೈಲಿ ಬೈಸಿಕೊಂಡ.

ಮರಿಸಿದ್ದನಿಗೆ ಈಗ ಉಸಿರು ಬಂತು. "ಪಾಪ ಬುದ್ಧಿ, ಹೆಂಡತಿ ಉಳೀಲಿ ಅಂತಾನೇ ಅಲ್ವಾ ಅವನು ಹಂಗೆ ನಂಬಿ ಎದ್ದು ಬಂದಿದ್ದು."

ಗುರುಗಳು ಅಂದರು: "ಅವಳ ಬಾಯಿಗೆ ಸಾಕಾಗಿದ್ದ ನಂಬಿಕೆ ಅವನ ಬಾಯಿಗೆ ಯಾಕಪ್ಪಾ ಸಾಲಲಿಲ್ಲ?"