ನಾಡಿ ಹಿಡಿದು ನ್ಯಾಯ ಹೇಳಿದ ರಾಜ

ಮುನ್ನೂರು ಮೆಟ್ಟಿಲಿನ ಬೆಟ್ಟ. ಬೆಟ್ಟದ ಮೇಲೆ ಕೋಟೆ, ಕೋಟೆಯೊಳಗೆ ಒಬ್ಬ ರಾಜ. ಒಳ್ಳೆಯವನೇ ಕಣ್ರೋ ಮಕ್ಕಳಾ, ಆದರೆ ಅಜ್ಜನ ಕಾಲದ ಕಟ್ಟಳೆ ಅಂದರೆ ಕಣ್ಣು ಮುಚ್ಚಿ ನಂಬುವವನು.

ಯಾವ ಕಟ್ಟಳೆ ಅಂತೀರಾ? ಕಳ್ಳತನವಾದರೆ, ಅನುಮಾನ ಬಂದವರನ್ನು ಕೆಳಗಿನ ಊರಿಂದ ಓಡಿಸಿಕೊಂಡು ತರೋದು. ರಾಜ ಅವರ ನಾಡಿ ಹಿಡಿಯೋದು. ನಾಡಿ ದಡದಡ ಅಂದರೆ ಕಳ್ಳರೇ ಸೈ, ಗಡೀಪಾರು.

ಒಂದು ದಿನ ರಾಣಿಯ ಮುತ್ತಿನ ಸರ ಹೋಯಿತು. ಕದ್ದವನು ಮಂತ್ರಿ ಕೆಂಚರಸ. ಅದು ಯಾರಿಗೂ ಗೊತ್ತಿಲ್ಲ. ಅವನೇ ಬೇರೆಯವರ ಮೇಲೆ ಬೆರಳು ತೋರಿಸಿದ.

ಹೂ ಮಾರುವವನನ್ನು ಓಡಿಸಿಕೊಂಡು ತಂದರು. ನಾಡಿ ದಡದಡ. ಗಡೀಪಾರು.

ನೀರು ಹೊರುವವನನ್ನು ತಂದರು. ನಾಡಿ ದಡದಡ. ಅವನೂ ಗಡೀಪಾರು.

ಕೆಂಚರಸನಿಗೇ ಸೋಜಿಗ. ‘ಸರ ಕದ್ದವನು ನಾನು, ಇವರ ನಾಡಿ ಯಾಕೆ ಹೊಡೀತು? ಬೇರೆ ಏನೋ ಕದ್ದಿರಬೇಕು, ಕಳ್ಳ ನನ್ನ ಮಕ್ಕಳು’ ಅಂದುಕೊಂಡ. ಅವನು ದಿನಾ ಪಲ್ಲಕ್ಕಿಯಲ್ಲೇ ಬರುವವನು. ಮೆಟ್ಟಿಲಿನ ಕಷ್ಟ ಅವನಿಗೇನು ಗೊತ್ತು?

ಮೂರನೆಯವಳು ರಾಣಿಯ ತಲೆ ಬಾಚುವ ಸಾಕವ್ವ. ಮನೆಯಲ್ಲಿ ಮೊಲೆ ಕುಡಿಯುವ ಕೂಸು. ಗಡೀಪಾರಾದರೆ ಕೂಸಿನ ಗತಿಯೇನು?

ಏದುಸಿರು ಬಿಡುತ್ತಾ ನಿಂತವಳ ನಾಡಿ ಹಿಡಿದ ರಾಜ. ದಡದಡ.

“ನೀನೇ ಏನೇ ಸಾಕಿ?”

“ಅದು ಆಮೇಲೆ ಹೇಳ್ತೀನಿ ಬುದ್ಧಿ. ಮೊದಲು ತಾವೂ ಮಂತ್ರಿಗಳೂ ಒಂದು ಸಲ ಕೆಳಗಿಳಿದು, ನನ್ನಂಗೇ ಓಡಿ ಹತ್ತಿ ಬರಬೇಕು. ಆಮೇಲೆ ಬೇಕಾದರೆ ಕಳಿಸಿಬಿಡಿ.”

“ನನಗೆ ಮಂಡಿನೋವು” ಅಂದ ಕೆಂಚರಸ.

“ಬನ್ರೀ ಮಂತ್ರಿಗಳೇ, ಹೆಂಗಸು ಹತ್ತಿದ್ದಾಳೆ” ಅಂದ ರಾಜ.

ಇಳಿದರು, ಹತ್ತಿದರು. ಮುನ್ನೂರನೇ ಮೆಟ್ಟಿಲಿಗೆ ಕೆಂಚರಸನ ಎದೆ ಡಬಡಬ, ಮೈಯೆಲ್ಲ ಬೆವರು, ಕಾಲು ಗಡಗಡ. ‘ಅಯ್ಯೋ, ನನ್ನ ಮೈಯೇ ನನ್ನನ್ನು ಹಿಡಿದುಕೊಡ್ತಾ ಇದೆ’ ಅಂದುಕೊಂಡ. ಹಾಗೆ ಅಂದುಕೊಂಡದ್ದೇ ತಡ, ಇಲ್ಲದ ಹೆದರಿಕೆ ಹುಟ್ಟಿತು. ರಾಜ ಕೈ ಚಾಚಿದ್ದೇ, ದೊಪ್ಪನೆ ಕಾಲಿಗೆ ಬಿದ್ದ.

“ತಪ್ಪಾಯ್ತು ಪ್ರಭು. ಸರ ಪಲ್ಲಕ್ಕಿಯ ದಿಂಬಿನೊಳಗಿದೆ.”

ರಾಜ ಬೆರಗಾಗಿ ತನ್ನ ನಾಡಿಯನ್ನೇ ಹಿಡಿದು ನೋಡಿಕೊಂಡ. ಅದೂ ದಡದಡ.

“ತಾವೇನು ಕದ್ದಿರಿ ಬುದ್ಧಿ?” ಅಂದಳು ಸಾಕವ್ವ.

“ಏನೂ ಇಲ್ಲ ಕಣೇ, ಮೆಟ್ಟಿಲು ಹತ್ತಿದೆ ಅಷ್ಟೆ.”

“ಹೂವಿನವನೂ ಅಷ್ಟೇ ಮಾಡಿದ್ದು. ನೀರಿನವನೂ ಅಷ್ಟೇ, ನಾನೂ ಅಷ್ಟೇ.”

ರಾಜ ತಲೆ ತಗ್ಗಿಸಿದ. ಕಳಿಸಿದ್ದ ಇಬ್ಬರನ್ನೂ ಪಲ್ಲಕ್ಕಿಯಲ್ಲಿ ಕರೆಸಿಕೊಂಡ. ಕೆಂಚರಸ ನಡೆದೇ ಗಡಿ ದಾಟಿದ.

ತಿಳೀತೇನ್ರೋ? ಎದೆ ಎಲ್ಲರದೂ ಹೊಡೆದುಕೊಳ್ಳುತ್ತೆ. ಅದಕ್ಕೆ ಭಯ ಅಂತಲೋ ದಣಿವು ಅಂತಲೋ ಹೆಸರಿಡೋದು ಮನಸ್ಸು. ನಿಮ್ಮ ಎದೆಯಾಗಲಿ ಇನ್ನೊಬ್ಬರದಾಗಲಿ, ಯಾಕೆ ಹೊಡ್ಕೊಳ್ತು ಅಂತ ಕೇಳದೆ ಹೆಸರಿಡಬೇಡಿ.