ನೀರುಗಂಟಿಯ ಸಿವುಡು

"ಗುರುಗಳೇ, ನಮ್ಮ ಜಿಲ್ಲೆಯ ನ್ಯಾಯಾಧೀಶರು ಆಳುವವರ ವಿರುದ್ಧ ತೀರ್ಪು ಕೊಟ್ಟರು. ವಾರದೊಳಗೆ ಅವರನ್ನು ಎತ್ತಂಗಡಿ ಮಾಡಿದರು. ಎಲ್ಲರೂ ಅನ್ಯಾಯ ಅನ್ನುತ್ತಿದ್ದಾರೆ. ಆದರೆ ಹೋದ ವರ್ಷ ಅದೇ ನ್ಯಾಯಾಧೀಶರ ಮುಂದೆ ನಾನು ಸೋತೆ. ಅವರು ಹೋದರೆ ನನಗೇನು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು: "ಕಾನೂನಿನಂತೆ ನಡೆದವರನ್ನು ಕಾನೂನಿನ ಹೆಸರು ಹೇಳಿಯೇ ಎತ್ತಿ ಹಾಕಿದರು. ಅದು ತಪ್ಪು. ನೀವೆಲ್ಲ ಅದನ್ನು ನೋಡಿ, ಉಂಡು, ಮಲಗಿದಿರಿ. ಅದು ಇನ್ನೂ ದೊಡ್ಡ ತಪ್ಪು. ಒಂದು ಕತೆ ಇದೆ, ಕೇಳು."

ಒಂದೂರಿನಲ್ಲಿ ಒಂದು ಕೆರೆ ಇತ್ತು. ಕೆರೆಗೆ ಒಂದೇ ತೂಬು. ಆ ತೂಬಿನ ನೀರು ನಂಬಿ ಕೆಳಗೆ ನೂರು ಗದ್ದೆಗಳಿದ್ದವು. ತೂಬು ತೆರೆಯುವವನು, ಮುಚ್ಚುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವವನು ಒಬ್ಬನೇ. ಅವನೇ ನೀರುಗಂಟಿ.

ನೀರುಗಂಟಿಗೆ ಆ ಕೆರೆಯ ಕೆಳಗೆ ಒಂದು ಗೇಣು ನೆಲವೂ ಇರಬಾರದು ಎಂದು ಹಿಂದಿನವರು ಕಟ್ಟಳೆ ಮಾಡಿದ್ದರು. ಸುಗ್ಗಿಯಲ್ಲಿ ಅವನು ಕಣದಿಂದ ಕಣಕ್ಕೆ ಹೋಗುತ್ತಿದ್ದ. ಪ್ರತಿ ಮನೆಯವರೂ ಅವನಿಗೆ ಒಂದು ಸಿವುಡು, ಅಂದರೆ ತೆನೆ ಸಮೇತ ಕಟ್ಟಿದ ಒಂದು ಕಟ್ಟು ಭತ್ತ ಕೊಡುತ್ತಿದ್ದರು. ಹತ್ತು ಗದ್ದೆಯವನೂ ಒಂದೇ ಸಿವುಡು, ಒಂದು ಗದ್ದೆಯವನೂ ಒಂದೇ ಸಿವುಡು. ಅದೇ ಅವನ ವರ್ಷದ ಅನ್ನ. ಪೈರು ಗದ್ದೆಯಲ್ಲಿ ನಿಂತಿರುವಾಗ ಅವನನ್ನು ಯಾರೂ ಕೆಲಸದಿಂದ ಬಿಡಿಸುವಂತಿರಲಿಲ್ಲ. ಇದೆಲ್ಲ ಯಾಕೆ ಹೀಗೆ ಎಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ನೀರು ಬರುತ್ತಿತ್ತು, ಅಷ್ಟೇ.

ನಡುಗದ್ದೆಯಲ್ಲಿ ಒಬ್ಬ ರೈತನಿದ್ದ. ಅವನಿಗಿದ್ದುದು ಅದೊಂದೇ ಗದ್ದೆ. ಆ ವರ್ಷ ಕೆರೆ ಪೂರ್ತಿ ತುಂಬಲಿಲ್ಲ. ನೀರು ಇನ್ನು ಸರದಿಯ ಮೇಲೆ ಎಂದು ನೀರುಗಂಟಿ ಸಾರಿದ. ರೈತನಿಗೆ ತಡೆಯಲಾಗಲಿಲ್ಲ. ಸರದಿ ಬರುವ ಮೊದಲೇ ಗುದ್ದಲಿ ಹಿಡಿದು ಕಾಲುವೆಯ ಬದಿ ಒಡೆದು ನೀರು ತಿರುಗಿಸಿಕೊಂಡ. ನೀರುಗಂಟಿ ಬಂದು ಒಡೆದದ್ದನ್ನು ಮುಚ್ಚಿದ. "ಗದ್ದೆ ಕುಡಿದ ನೀರು ನಿನ್ನ ಲೆಕ್ಕಕ್ಕೇ ಸೇರಿತು. ಮುಂದಿನ ಸರದಿಯಲ್ಲಿ ನಿನಗೆ ಅರ್ಧ" ಎಂದ. ರೈತ ಅವನ ವಂಶವನ್ನೆಲ್ಲ ಎತ್ತಿ ಬೈದ. ನೀರುಗಂಟಿ ಗುದ್ದಲಿ ಹೆಗಲಿಗೇರಿಸಿಕೊಂಡು ಮುಂದಿನ ಗದ್ದೆಗೆ ಹೋದ.

ಅದೇ ವಾರ ಊರ ಯಜಮಾನ ತೂಬಿನ ಬುಡದ ತನ್ನ ನೆಲದಲ್ಲಿ ಕಬ್ಬು ನೆಟ್ಟ. ನೀರು ಕಡಿಮೆಯಾದ ವರ್ಷ ಕೆರೆಯ ಕೆಳಗೆ ಕಬ್ಬು ಕೂಡದು ಎಂಬುದು ಊರ ಕಟ್ಟಳೆ. ನೀರುಗಂಟಿ ಕಬ್ಬಿಗೆ ನೀರು ಬಿಡಲಿಲ್ಲ.

ಯಜಮಾನನನ್ನು ಊರೇ ಕೈಯೆತ್ತಿ ಆರಿಸಿತ್ತು. "ನನ್ನನ್ನು ಊರು ಆರಿಸಿದೆ. ನನಗೆ ಬೇಡ ಅನ್ನುವುದಕ್ಕೆ ಇವನನ್ನು ಯಾರು ಆರಿಸಿದರು?" ಎಂದು ಅವನು ಮನೆ ಮನೆಯ ಜಗಲಿಯಲ್ಲಿ ಕೂತು ಹೇಳಿದ. ಆ ಮಾತು ರೈತನಿಗೆ ಬಹಳ ಹಿಡಿಸಿತು. ಅವನ ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ.

ಯಜಮಾನ ಕೆರೆ ಏರಿಯ ಮೇಲೆ ಸಭೆ ಕರೆದ. ನೀರುಗಂಟಿಯ ಮೇಲೆ ಒಂದು ದೂರನ್ನೂ ಹೇಳಲಿಲ್ಲ. ಮರುಕ ತೋರಿಸಿದ.

"ಪಾಪ, ಮುದುಕ. ಸುಗ್ಗಿ ಬಂದರೆ ಭಿಕ್ಷೆಯವನ ಹಾಗೆ ಕಣ ಕಣ ತಿರುಗುತ್ತಾನೆ. ಊರಿಗೇ ನಾಚಿಕೆ. ಈ ವರ್ಷದಿಂದ ಅವನ ಅನ್ನ ನನ್ನ ಕಣಜದಿಂದ. ನೀವು ಯಾರೂ ಸಿವುಡು ಕೊಡಬೇಕಾಗಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಮನೆಗೊಂದು ಸಿವುಡು ಉಳಿಯುತ್ತದೆ. ಬೇಡ ಅನ್ನುವವರು ಯಾರು?

ಕೊನೆಯ ಗದ್ದೆಯ ಮುದುಕಿ ಎದ್ದು ನಿಂತಳು. "ಒಬ್ಬರೇ ಅನ್ನ ಹಾಕಿದರೆ ಅವನು ಒಬ್ಬರ ಮುಖವನ್ನೇ ನೋಡ್ತಾನೆ ಕಣ್ರಪ್ಪಾ. ಆಮೇಲೆ ನನ್ನ ಗದ್ದೆ ಅವನ ಕಣ್ಣಿಗೆ ಬೀಳೋದು ಯಾವಾಗ?"

"ನಿನ್ನ ಸಿವುಡು ತಿಂದೇ ಅವನು ಇಷ್ಟು ದಪ್ಪ ಆಗಿದ್ದಾನಾ ಅಜ್ಜೀ?" ಎಂದ ರೈತ. ನೀರುಗಂಟಿ ಕಡ್ಡಿಯ ಹಾಗಿದ್ದ. ಜನ ನಕ್ಕರು. ಮುದುಕಿ ಕೂತಳು.

ನೀರುಗಂಟಿ ಒಪ್ಪಲಿಲ್ಲ. "ನಿಮ್ಮನ್ನು ಊರು ಆರಿಸಿದ್ದು ಊರು ನಡೆಸುವುದಕ್ಕೆ. ನನ್ನನ್ನು ಇಟ್ಟುಕೊಂಡಿದ್ದು ನಿಮಗೂ ಬೇಡ ಅನ್ನುವುದಕ್ಕೆ. ನಿಮ್ಮ ಅನ್ನ ಉಂಡ ಬಾಯಲ್ಲಿ ಆ ಮಾತು ಬರುವುದಿಲ್ಲ" ಎಂದ.

"ಹಾಗಾದರೆ ಬೇರೆಯವನು ಬರಲಿ. ಯಾರಿಗೆ ಒಪ್ಪಿಗೆ?" ಎಂದ ಯಜಮಾನ.

ಪೈರು ಗದ್ದೆಯಲ್ಲಿ ನಿಂತಿತ್ತು. ಕಟ್ಟಳೆ ಮುರಿಯುತ್ತಿದೆ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಮೊದಲು ಕೈಯೆತ್ತಿದವನು ನಡುಗದ್ದೆಯ ರೈತ. ಅವನ ಕೈ ನೋಡಿ ಉಳಿದ ಕೈಗಳು ಎದ್ದವು.

ಹೊಸ ನೀರುಗಂಟಿ ಬಹಳ ನಯದವನು. ಕಂಡವರಿಗೆಲ್ಲ ಕೈಮುಗಿಯುತ್ತಿದ್ದ. ಮೊದಲ ಸರದಿಯಲ್ಲಿ ರೈತನಿಗೆ ಅರ್ಧದ ಬದಲು ಪೂರ್ತಿ ನೀರು ಸಿಕ್ಕಿತು. ಅವನು ಮನೆಗೆ ಬಂದು, "ನೋಡಿದೆಯಾ, ನ್ಯಾಯ ಅಂದರೆ ಇದು" ಎಂದ.

"ಆ ಇನ್ನರ್ಧ ಯಾರ ಗದ್ದೆಯದು?" ಎಂದು ಹೆಂಡತಿ ಕೇಳಿದಳು.

ರೈತ ಊಟಕ್ಕೆ ಬಡಿಸು ಎಂದ. ಆ ವಾರ ಮುದುಕಿಯ ಗದ್ದೆಗೆ ನೀರು ಹೋಗಲಿಲ್ಲ.

ಎರಡನೆಯ ಸರದಿಯಲ್ಲಿ ರೈತನಿಗೆ ನೀರು ತಡವಾಗಿ ಬಂತು. ಮೂರನೆಯ ಸರದಿಯಲ್ಲಿ ಬರಲೇ ಇಲ್ಲ. ತೆನೆಯಲ್ಲಿ ಹಾಲು ಕಟ್ಟುವ ಹೊತ್ತು ಅದು. ಆಗ ನೀರು ತಪ್ಪಿದರೆ ಕಾಳೆಲ್ಲ ಜೊಳ್ಳು. ರೈತ ದಿನಕ್ಕೆ ಹತ್ತು ಸಲ ಗದ್ದೆಗೆ ಹೋಗಿ ಮಣ್ಣು ಮುಟ್ಟಿ ನೋಡಿದ. ಗುದ್ದಲಿ ಹಿಡಿದು ಕಾಲುವೆಯವರೆಗೆ ಹೋದ. ತಿರುಗಿಸಿಕೊಳ್ಳುವುದಕ್ಕೆ ಕಾಲುವೆಯಲ್ಲಿ ನೀರೇ ಇರಲಿಲ್ಲ. ಮೇಲೆ, ತೂಬಿನ ಬುಡದಲ್ಲಿ, ಕಬ್ಬು ಹಸಿರಾಗಿ ಏಳುತ್ತಿತ್ತು.

ಅವನು ಹೊಸ ನೀರುಗಂಟಿಯನ್ನು ಕೇಳಿದ. ಅವನು ಕೈಮುಗಿದು, "ನನ್ನದೇನಿದೆ ಸ್ವಾಮಿ, ಯಜಮಾನರನ್ನು ಕೇಳಿ" ಎಂದ. ರೈತ ಯಜಮಾನನ ಬಳಿ ಹೋದ. "ನೀರಿನ ಮಾತು ನೀರುಗಂಟಿಗೆ ಬಿಟ್ಟದ್ದಪ್ಪ. ನಾನು ಅದರಲ್ಲಿ ತಲೆ ಹಾಕಬಹುದೇ? ಕಟ್ಟಳೆ ಅಂದರೆ ಕಟ್ಟಳೆ" ಎಂದ ಯಜಮಾನ. ಪಕ್ಕದ ಗದ್ದೆಯವನನ್ನು, ಜೊತೆಗೆ ಬಾ, ಇಬ್ಬರೂ ಹೋಗಿ ಕೇಳೋಣ ಎಂದು ಕರೆದ. "ಮೊದಲು ಕೈಯೆತ್ತಿದವನು ನೀನು, ಮೊದಲು ನೀನೇ ಹೋಗು" ಎಂದು ಅವನು ಬಾಗಿಲು ಮುಂದೆ ಮಾಡಿಕೊಂಡ.

ಕೊನೆಗೆ ರೈತ ಹಳೆಯ ನೀರುಗಂಟಿಯ ಮನೆಗೆ ಹೋದ. ಮುದುಕ ಹಗ್ಗ ಹೊಸೆಯುತ್ತಿದ್ದ.

"ಅಜ್ಜ, ನೀನಾದರೂ ಬಂದು ಒಂದು ಮಾತು ಹೇಳು. ಇದು ನನ್ನ ಸರದಿ ಅಂತ ನಿನಗೆ ಗೊತ್ತು."

"ಗೊತ್ತು. ಆದರೆ ಈಗ ನನ್ನ ಮಾತಿಗೆ ತೂಬು ತೆರೆಯೋದಿಲ್ಲ. ಅವತ್ತು ನನ್ನನ್ನು ಬೈದೆಯಲ್ಲ, ನೆನಪಿದೆಯಾ?"

"ತಪ್ಪಾಯಿತು ಅಜ್ಜ."

"ಅದು ತಪ್ಪಲ್ಲಪ್ಪ. ಎಷ್ಟು ಬೈದರೂ ನಿನ್ನ ಪಾಲಿನ ನೀರು ನಿನಗೆ ಬಂದೇ ಬರುತ್ತದೆ ಅಂತ ನಿನಗೆ ನಂಬಿಕೆ ಇತ್ತು. ಅದಕ್ಕೇ ಬಾಯಿ ತುಂಬ ಬೈದೆ. ಈಗಿನವನನ್ನು ಒಂದು ಸಲ ಹಾಗೆ ಬೈದು ಬಾ, ನೋಡೋಣ."

ಈ ಮಾತು ಯಾರಾದರೂ ಕೇಳಿಸಿಕೊಂಡರೇನೋ ಎಂದು ರೈತ ಬೀದಿಯ ಕಡೆ ತಿರುಗಿ ನೋಡಿದ. ಹುಟ್ಟಿದ ಊರಿನಲ್ಲಿ ಅವನು ಹಾಗೆ ತಿರುಗಿ ನೋಡಿದ್ದು ಅದೇ ಮೊದಲು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಏನಾಯಿತು ಗುರುಗಳೇ? ಪೈರು ಒಣಗಿತೇ?"

"ಇನ್ನೂ ಒಣಗಿಲ್ಲ, ಎದ್ದು ಹೋಗು, ನಿನ್ನನ್ನು ಸೋಲಿಸಿದ ಆ ನ್ಯಾಯಾಧೀಶರೇ ಬೇಕು ಎಂದು ಕೇಳು."